ಟ್ರೇಲರ್ ದೀಪ ಜೋಡಿಸುವಾಗ ಎಲ್‌ಇಡಿ ಕೆಡದಂತೆ ನೋಡಿಕೊಳ್ಳುವುದು ಹೇಗೆ

ಜನವರಿ ತಿಂಗಳ ಒಂದು ಬೆಳಗ್ಗೆ ಬೆಳಗಾವಿಯಲ್ಲಿ ಇದನ್ನು ಮಾಡಿ ನೋಡಿ. ಹೊಸ ಟೇಲ್ ಲ್ಯಾಂಪ್‌ನ ಲೆನ್ಸಿಗೆ ಗೀರು ಬೀಳದಿರಲಿ ಎಂದು ತೆಳುವಾದ ಪ್ಲಾಸ್ಟಿಕ್ ಹಾಳೆ ಅಂಟಿಸಿರುತ್ತಾರಲ್ವಾ, ಅದನ್ನು ಒಂದೇ ಎಳೆತಕ್ಕೆ ಕಿತ್ತು ಲೆನ್ಸನ್ನು ಮುಂಗೈ ಹತ್ತಿರ ತನ್ನಿ. ಕೈಮೇಲಿನ ಕೂದಲು ಎದ್ದು ನಿಲ್ಲುತ್ತವೆ. ಕಿವಿ ಹತ್ತಿರ ಹಿಡಿದರೆ ಚಟಪಟ ಸದ್ದೂ ಕೇಳಬಹುದು. ಈಗ ಅದೇ ಲೆನ್ಸನ್ನು ಒಯ್ದು ಎಲ್‌ಇಡಿ ಬೋರ್ಡಿನ ಮೇಲೆ ಕೂರಿಸುತ್ತೇವೆ.

ಇದರಿಂದ ನಮ್ಮ ಘಟಕದಲ್ಲಿ ಏನಾಯಿತು ಎಂದು ಹೇಳುತ್ತೇನೆ. ಬೆಳಗಾವಿಯ ಕೈಗಾರಿಕಾ ಪ್ರದೇಶ ಉದ್ಯಮಬಾಗದಲ್ಲಿ ನಮ್ಮದೊಂದು ಸಣ್ಣ ಶೆಡ್ಡು. ಕಬ್ಬು ಹೊರುವ ಟ್ರ್ಯಾಕ್ಟರ್ ಡಬ್ಬಿಗಳಿಗೆ, ಅಂದರೆ ಟ್ರೇಲರ್‌ಗಳಿಗೆ, ಹಿಂದಿನ ಕೆಂಪು ದೀಪ, ಇಂಡಿಕೇಟರ್, ರಾತ್ರಿ ಕಬ್ಬು ತುಂಬುವಾಗ ಬೇಕಾಗುವ ಬಿಳಿ ದೀಪ ಜೋಡಿಸುತ್ತೇವೆ. ಒಂದು ಹಂಗಾಮಿನಲ್ಲಿ ಬಿಳಿ ದೀಪಗಳು ಒಂದೊಂದಾಗಿ ವಾಪಸ್ ಬರತೊಡಗಿದವು. ಕಳಿಸುವ ದಿನ ಎಲ್ಲವೂ ಚೆನ್ನಾಗಿ ಉರಿದಿದ್ದವು. ಸರ್ಕಿಟ್ ಬದಲಿಸಿ ನೋಡಿದೆವು. ಎಲ್‌ಇಡಿ ತರಿಸುವ ಅಂಗಡಿ ಬದಲಿಸಿದೆವು. ಏನೂ ಆಗಲಿಲ್ಲ. ಕೊನೆಗೆ ವಾಪಸ್ ಬಂದವುಗಳ ತಾರೀಖು ಬರೆದು ನೋಡಿದಾಗ ಗೊತ್ತಾಯಿತು. ಮಳೆಗಾಲದಲ್ಲಿ ಜೋಡಿಸಿದವು ಬದುಕಿದ್ದವು, ಡಿಸೆಂಬರ್ ನಂತರ ಜೋಡಿಸಿದವು ಸಾಯುತ್ತಿದ್ದವು. ಮಾಲೂ ಅದೇ, ಕೈಗಳೂ ಅವೇ. ಬದಲಾಗಿದ್ದು ಹವೆ ಒಂದೇ.

ಅಥಣಿ, ಜಮಖಂಡಿ, ಗೋಕಾಕ, ಮುಧೋಳ ಕಡೆ ಹಂಗಾಮಿನಲ್ಲಿ ರಾತ್ರಿ ಓಡಾಡಿದವರಿಗೆ ಎರಡೆರಡು ಡಬ್ಬಿ ಎಳೆಯುವ ಟ್ರ್ಯಾಕ್ಟರ್ ಗೊತ್ತು. ಹಿಂದಿನ ದೀಪ ಆರಿದ್ದರೆ ಬೈಕಿನವನಿಗೆ ಆ ಡಬ್ಬಿ ಕಾಣುವುದು ತೀರಾ ಹತ್ತಿರ ಬಂದ ಮೇಲೆಯೇ. ಆದ್ದರಿಂದ ಬೆಂಚಿನ ಮೇಲಿನ ಈ ಸಣ್ಣ ಸಣ್ಣ ವಿಷಯಗಳನ್ನು ನಾನು ಇಷ್ಟು ಉದ್ದ ಹೇಳುತ್ತಿದ್ದೇನೆ.

ಕಣ್ಣಿಗೆ ಕಾಣದ ಪೆಟ್ಟು

ಬಾಗಿಲ ಹಿಡಿ ಮುಟ್ಟಿದಾಗ ಚುರ್ ಎನ್ನುತ್ತದಲ್ವಾ, ಆ ಸ್ಥಿರ ವಿದ್ಯುತ್ತು ನಮಗೆ ತಿಳಿಯಬೇಕಾದರೆ ಸುಮಾರು 3,000 ವೋಲ್ಟ್ ಬೇಕು. ಎಷ್ಟೋ ಎಲೆಕ್ಟ್ರಾನಿಕ್ ಭಾಗಗಳು 100 ವೋಲ್ಟ್‌ಗೇ ಕೆಡಬಹುದು. ಅಂದರೆ ನಮಗೆ ಏನೂ ಗೊತ್ತಾಗದೇ ನಮ್ಮ ಕೈಯಿಂದಲೇ ಭಾಗ ಸತ್ತಿರುತ್ತದೆ.

ಹವೆ ಒಣಗಿದಷ್ಟೂ ಇದು ಜಾಸ್ತಿ. ಬೆಂಚಿನ ಮೇಲಿಂದ ಒಂದು ಸಾದಾ ಪ್ಲಾಸ್ಟಿಕ್ ಚೀಲ ಎತ್ತಿದರೆ ತೇವದ ಹವೆಯಲ್ಲಿ 1,200 ವೋಲ್ಟ್‌ವರೆಗೆ ಹುಟ್ಟಬಹುದು. ಒಣ ಹವೆಯಲ್ಲಿ ಅದೇ ಕೆಲಸಕ್ಕೆ 20,000 ವೋಲ್ಟ್‌ವರೆಗೆ. ವಿನೈಲ್ ನೆಲದ ಮೇಲೆ ಸುಮ್ನೆ ನಡೆದರೂ ಸಾಕು, ತೇವದಲ್ಲಿ 250, ಒಣಗಿದ್ದಾಗ 12,000. ಬೆಳಗಾವಿಯಲ್ಲಿ ಚಳಿಗಾಲ ಮತ್ತು ಬೇಸಿಗೆ ಮಾತ್ರ ಹುಷಾರಿರಬೇಕಾದರೆ, ವಿಜಯಪುರ, ಬಾಗಲಕೋಟೆ ಕಡೆ ಘಟಕ ಇಟ್ಟವರಿಗೆ ವರ್ಷದ ಹೆಚ್ಚು ದಿನ ಇದೇ ಪಾಡು.

ಪೆಟ್ಟು ತಿಂದ ಎಲ್‌ಇಡಿ ಆಗಲೇ ಸತ್ತರೆ ಒಳ್ಳೆಯದು, ಬೆಂಚಿನಲ್ಲೇ ಸಿಕ್ಕಿಬೀಳುತ್ತದೆ. ಹಾಗೆ ಆಗುವುದು ಕಮ್ಮಿ. ಒಳಗಿನ ಚಿಪ್‌ನಲ್ಲಿ ಒಂದು ಸಣ್ಣ ತೂತಿನಂಥ ಗಾಯ ಆಗುತ್ತದೆ, ಅಲ್ಲಿಂದ ವಿದ್ಯುತ್ತು ಸೋರುತ್ತದೆ. ಪೂರ್ತಿ ಕರೆಂಟ್ ಕೊಟ್ಟರೆ ಬೆಳಕಿನಲ್ಲಿ ವ್ಯತ್ಯಾಸವೇ ಕಾಣುವುದಿಲ್ಲ. ಬಿಸಿ, ಕುಲುಕಾಟ ಬಿದ್ದಂತೆ ಗಾಯ ದೊಡ್ಡದಾಗಿ ಒಂದು ದಿನ ಹೊಲದ ದಾರಿಯಲ್ಲಿ ಆರುತ್ತದೆ. ಬಿಳಿ ಮತ್ತು ನೀಲಿ ಎಲ್‌ಇಡಿಗಳು ಸಾಮಾನ್ಯವಾಗಿ ಕೆಂಪಿಗಿಂತ ನಾಜೂಕು. ಕೆಲವಕ್ಕೆ ಒಳಗೇ ಒಂದು ಝೀನರ್ ಡಯೋಡ್ ಕಾವಲಿಗೆ ಇಟ್ಟಿರುತ್ತಾರೆ. ಅದಿದೆ ಎಂದು ಕೈ ಸಡಿಲ ಬಿಡಬೇಡಿ, ಅದಕ್ಕೂ ಒಂದು ಮಿತಿ ಇದೆ.

ಮೊದಲು ಜಾಗ ಸರಿಮಾಡಿಕೊಳ್ಳಿ

ಶುರು ಮಾಡಬೇಕಾದದ್ದು ಅರ್ಥಿಂಗ್‌ನಿಂದ. ಚಾರ್ಜನ್ನು ಅರ್ಥ್‌ಗೆ ಹರಿಸುವ ದುಬಾರಿ ಮ್ಯಾಟ್ ತಂದು ಬೆಂಚಿಗೆ ಹಾಸಿ, ಅದರ ತಂತಿಯನ್ನು ಬೆಂಚಿನ ಕಾಲಿಗೆ ಸುತ್ತಿ ಬಿಟ್ಟವರನ್ನು ನಾನು ನೋಡಿದ್ದೇನೆ. ಬೆಂಚು ಮರದ ಗುಟ್ಟೆಗಳ ಮೇಲೆ ನಿಂತಿತ್ತು! ಆ ಮ್ಯಾಟ್ ಇದ್ದೂ ಇಲ್ಲದ ಹಾಗೆ. ಶೆಡ್ಡಿನ ಅರ್ಥ್ ಪಿಟ್‌ಗೆ ಸರಿಯಾದ ಸಂಪರ್ಕ ಇದೆಯೇ ಎಂದು ಎಲೆಕ್ಟ್ರಿಶಿಯನ್‌ನಿಂದ ಅಳತೆ ಮಾಡಿಸಿ. ಬೇಸಿಗೆಯಲ್ಲಿ ಪಿಟ್ ಒಣಗಿದರೆ ನೀರು ಹಾಕಿಸಿ. ಮ್ಯಾಟಿನ ತಂತಿಯನ್ನು ನ್ಯೂಟ್ರಲ್ ತಂತಿಗೆ ಎಂದೂ ಜೋಡಿಸಬೇಡಿ, ಅದು ಜೀವಕ್ಕೆ ಅಪಾಯ.

ಮ್ಯಾಟ್ ತೀರಾ ಲೋಹದ ಹಾಗೆ ಇರಬಾರದು, ಪೂರ್ತಿ ರಬ್ಬರಿನ ಹಾಗೂ ಇರಬಾರದು. ಚಾರ್ಜನ್ನು ನಿಧಾನಕ್ಕೆ ಹರಿಸಬೇಕು. ಕೊಳ್ಳುವಾಗ ಅದರ ರೋಧ 10 ಲಕ್ಷ ಓಮ್‌ನಿಂದ 100 ಕೋಟಿ ಓಮ್ ನಡುವೆ ಇದೆಯೇ ಎಂದು ಕೇಳಿ. ಬರೀ ಸ್ಟೀಲ್ ತಗಡಿನ ಮೇಲೆ ಕೆಲಸ ಮಾಡುವವರಿದ್ದಾರೆ. ಅದು ತಪ್ಪು. ಚಾರ್ಜ್ ಆದ ಬೋರ್ಡನ್ನು ತಗಡಿನ ಮೇಲಿಟ್ಟರೆ ಎಲ್ಲ ಚಾರ್ಜು ಒಂದೇ ಏಟಿಗೆ ಹರಿದು ಅದೇ ಪೆಟ್ಟಾಗುತ್ತದೆ.

ತೇವ ಅಳೆಯುವ ಒಂದು ಸಣ್ಣ ಮೀಟರ್ ಗೋಡೆಗೆ ಹಾಕಿ. ಶೇಕಡಾ 40ರಿಂದ 60ರ ನಡುವೆ ಇದ್ದರೆ ನೆಮ್ಮದಿ. 30ಕ್ಕಿಂತ ಕೆಳಗೆ ಇಳಿದ ದಿನ ನಮ್ಮಲ್ಲಿ ಬೋರ್ಡ್ ಕೆಲಸ ನಿಲ್ಲಿಸಿ ತಂತಿ ಕತ್ತರಿಸುವುದು, ಕ್ರಿಂಪ್ ಮಾಡುವುದು, ಡಬ್ಬಾ ಕಟ್ಟುವುದು ಮಾಡುತ್ತೇವೆ. ಏರ್ ಕೂಲರ್ ಇಟ್ಟರೆ ತೇವ ಬರುತ್ತದೆ. ಅದರ ಗಾಳಿ ನೇರವಾಗಿ ಬೋರ್ಡಿನ ಮೇಲೆ ಬೀಸಬಾರದು, ಅಷ್ಟೇ.

ನಮ್ಮ ಊರಿನದೇ ಆದ ಇನ್ನೊಂದು ತೊಂದರೆ ಧೂಳು. ಉದ್ಯಮಬಾಗದಲ್ಲಿ ಒಂದು ಕಡೆ ಫೌಂಡ್ರಿ, ಇನ್ನೊಂದು ಕಡೆ ಮಷಿನ್ ಶಾಪ್. ಗಾಳಿಯಲ್ಲಿ ಕಬ್ಬಿಣದ ಪುಡಿ ತೇಲುತ್ತಿರುತ್ತದೆ. ಕಿಟಕಿಯ ಕಟ್ಟೆಯ ಮೇಲೆ ಆಯಸ್ಕಾಂತ ಆಡಿಸಿ ನೋಡಿ, ಗಡ್ಡ ಬೆಳೆದ ಹಾಗೆ ಅಂಟಿಕೊಳ್ಳುತ್ತದೆ. ಆ ಪುಡಿ ಎಲ್‌ಇಡಿಯ ಎರಡು ಕಾಲುಗಳ ನಡುವೆ ಬಿದ್ದರೆ ಶಾರ್ಟ್. ಜೋಡಿಸುವ ಕೋಣೆಯ ಕಿಟಕಿ ಮುಚ್ಚಿಡಿ. ಬಾಗಿಲಿಗೆ ಪರದೆ ಹಾಕುವುದಾದರೆ ಸಾದಾ ಪ್ಲಾಸ್ಟಿಕ್ ಪಟ್ಟಿ ಬೇಡ, ಅದೇ ಚಾರ್ಜ್ ಹುಟ್ಟಿಸುತ್ತದೆ. ಕಂಪ್ರೆಸರ್ ಗಾಳಿ ಹೊಡೆದು ಬೋರ್ಡ್ ಸ್ವಚ್ಛ ಮಾಡುವ ರೂಢಿ ಬಿಡಿ. ಅದರಲ್ಲಿ ನೀರೂ ಎಣ್ಣೆಯೂ ಇರುತ್ತವೆ, ಹೊಡೆದಾಗ ಪ್ಲಾಸ್ಟಿಕ್ ಭಾಗಗಳು ಚಾರ್ಜ್ ಕೂಡ ಆಗುತ್ತವೆ.

ಆಮೇಲೆ ಮೈಮೇಲಿನದು

ಮೈಮೇಲಿನ ಚಾರ್ಜನ್ನು ಅರ್ಥ್‌ಗೆ ಹರಿಸುವ ಮಣಿಕಟ್ಟಿನ ಪಟ್ಟಿಯನ್ನು ಚರ್ಮಕ್ಕೆ ಬಿಗಿಯಾಗಿ ಕಟ್ಟಬೇಕು. ಅಂಗಿಯ ತೋಳಿನ ಮೇಲೆ ಕಟ್ಟಿದರೆ ಕಟ್ಟಿದ ಹಾಗಲ್ಲ. ಅದರ ತಂತಿಯೊಳಗೆ 10 ಲಕ್ಷ ಓಮ್‌ನ ಒಂದು ರೆಸಿಸ್ಟರ್ ಇರುತ್ತದೆ. ತಪ್ಪಿ ಲೈವ್ ತಂತಿ ಮುಟ್ಟಿದರೂ ನಿಮ್ಮ ಮೈಯಲ್ಲಿ ಜಾಸ್ತಿ ಕರೆಂಟ್ ಹರಿಯದಿರಲಿ ಎಂದು ಅದನ್ನು ಇಟ್ಟಿರುವುದು. ಆದ್ದರಿಂದ ಪಟ್ಟಿ ಇಲ್ಲ ಎಂದು ಬರೀ ತಾಮ್ರದ ತಂತಿ ಕೈಗೆ ಸುತ್ತಿಕೊಳ್ಳುವುದು ದಯವಿಟ್ಟು ಬೇಡ. ಈ ತಂತಿ ಒಳಗೊಳಗೇ ತುಂಡಾಗುತ್ತದೆ, ಹೊರಗೆ ಏನೂ ಕಾಣುವುದಿಲ್ಲ. ದಿನಾ ಬೆಳಗ್ಗೆ ಟೆಸ್ಟರ್‌ಗೆ ಹಚ್ಚಿ ನೋಡಿ. ಚಳಿಗಾಲದಲ್ಲಿ ಕೈ ಬಿರುಕು ಬಿಟ್ಟವರಿಗೆ ಪಟ್ಟಿ ಹೊಸದಿದ್ದರೂ ಟೆಸ್ಟರ್ ಕೆಂಪು ದೀಪ ತೋರಿಸುತ್ತದೆ. ಪಟ್ಟಿ ಮುಟ್ಟುವ ಜಾಗದಲ್ಲಿ ಒಂದಿಷ್ಟು ನೀರು ಸವರಿದರೆ ಸರಿಹೋಗುತ್ತದೆ.

ನಮ್ಮಲ್ಲಿ ಬೋರ್ಡ್ ಜೋಡಿಸುವವರು ಹೆಚ್ಚಾಗಿ ಹೆಣ್ಣುಮಕ್ಕಳು. ನೈಲಾನ್, ಪಾಲಿಯೆಸ್ಟರ್ ಸೀರೆಯ ಸೆರಗು ಒಂದು ಸಲ ಬೋರ್ಡಿನ ಮೇಲೆ ಹಾದುಹೋದರೆ ಸಾಕು. ಹತ್ತಿಯ ಇಳಕಲ್ ಸೀರೆ ಎಷ್ಟೋ ವಾಸಿ. ಆದರೆ ಹತ್ತಿಯೂ ಹವೆ ತೀರಾ ಒಣಗಿದಾಗ ಚಾರ್ಜ್ ಹಿಡಿಯುತ್ತದೆ. ಎಲ್ಲರಿಗೂ ಮೇಲೊಂದು ಸ್ಥಿರ ವಿದ್ಯುತ್ತಿನ ಪೆಟ್ಟು ತಡೆಯುವ ಇಎಸ್‌ಡಿ ಕೋಟು ಹೊಲಿಸಿ ಕೊಡುವುದು ಒಳ್ಳೆಯದು. ಸೆರಗು, ಸ್ವೆಟರಿನ ತೋಳು ಪೂರ್ತಿ ಅದರೊಳಗೆ ಹೋಗಬೇಕು. ಸ್ವೆಟರ್ ತೆಗೆಯುವುದು, ಹಾಕುವುದು ಬೆಂಚಿನಿಂದ ದೂರ. ಚಹಾದ ಪ್ಲಾಸ್ಟಿಕ್ ಕಪ್ಪು, ಥರ್ಮಾಕೋಲ್ ತಟ್ಟೆ, ಬಿಸ್ಕತ್ತಿನ ಪ್ಯಾಕೆಟ್ಟು, ಅಂಟು ಟೇಪಿನ ಸುರುಳಿ ಇವು ಯಾವುವೂ ಬೋರ್ಡಿನ ಹತ್ತಿರ ಬೇಡ. ಕಮ್ಮಿ ಎಂದರೂ 30 ಸೆಂಟಿಮೀಟರ್ ದೂರ ಇರಲಿ.

ಸಾಮಾನು ಬಂದಾಗ

ಎಲ್‌ಇಡಿ ಮತ್ತು ಅದಕ್ಕೆ ಅಳತೆಯ ಕರೆಂಟ್ ಕೊಡುವ ಡ್ರೈವರ್ ಬೋರ್ಡುಗಳು ಬರುವ ಚೀಲದ ಬಣ್ಣ ನೋಡಿ. ಗುಲಾಬಿ ಬಣ್ಣದ ಚೀಲ ತಾನು ಚಾರ್ಜ್ ಹುಟ್ಟಿಸುವುದಿಲ್ಲ, ಅಷ್ಟೇ. ಹೊರಗಿನ ಪೆಟ್ಟು ತಡೆಯುವ ಶಕ್ತಿ ಅದಕ್ಕಿಲ್ಲ. ಬೆಳ್ಳಿ ಬಣ್ಣದ, ಒಳಗೆ ಲೋಹದ ಪದರ ಇರುವ ಚೀಲ ತಡೆಯುತ್ತದೆ. ಅದೂ ಬಾಯಿ ಮುಚ್ಚಿದ್ದರೆ. ತೂತು ಬಿದ್ದದ್ದು, ಮಡಚಿ ಮಡಚಿ ಗೀರಾದದ್ದು ಎಸೆಯಿರಿ. ಕಪ್ಪು ಬಣ್ಣದ ಟ್ರೇ ಎಲ್ಲವೂ ಇಎಸ್‌ಡಿ ಟ್ರೇ ಅಲ್ಲ ಎಂಬುದೂ ನೆನಪಿರಲಿ. ಬಜಾರಿನಲ್ಲಿ ತರಕಾರಿಗೆಂದು ಮಾರುವ ಕಪ್ಪು ಟ್ರೇ ಸಾದಾ ಪ್ಲಾಸ್ಟಿಕ್.

ಒಣ ಹವೆಗೆ ಹೆದರಿ ತೇವವನ್ನು ಮರೆಯುವಂತಿಲ್ಲ. ಜುಲೈನಲ್ಲಿ ಬೆಳಗಾವಿಯ ಹವೆ ಹೇಗಿರುತ್ತದೆ ಗೊತ್ತಲ್ವಾ? ಒಗೆದ ಬಟ್ಟೆ ಮೂರು ದಿನ ಒಣಗುವುದಿಲ್ಲ. ಎಲ್‌ಇಡಿಯ ಮೇಲಿನ ಪ್ಲಾಸ್ಟಿಕ್ಕು, ಸಿಲಿಕೋನು ಆ ತೇವ ಕುಡಿಯುತ್ತವೆ. ಆಮೇಲೆ ಬೋರ್ಡನ್ನು ಕಾಯಿಸಿ ಬೆಸೆಯುವ ರಿಫ್ಲೋ ಓವನ್ನಿನೊಳಗೆ ಹೋದಾಗ ಒಳಗಿನ ನೀರು ಒಮ್ಮೆಲೇ ಆವಿಯಾಗುತ್ತದೆ. ನಾಗರಪಂಚಮಿಗೆ ಜೋಳದ ಅಳ್ಳು ಹುರಿಯುವಾಗ ಕಾಳು ಸಿಡಿಯುವುದು ಇದೇ ರೀತಿಯಲ್ಲಿ. ಎಲ್‌ಇಡಿ ಅಷ್ಟು ಜೋರಾಗಿ ಸಿಡಿಯುವುದಿಲ್ಲ. ಒಳಗೆ ಸಿಲಿಕೋನ್ ಪದರ ಬಿಡಿಸಿಕೊಳ್ಳುತ್ತದೆ, ಕೂದಲಿಗಿಂತ ತೆಳುವಾದ ಚಿನ್ನದ ಎಳೆ ಕೀಳುತ್ತದೆ.

ಆದ್ದರಿಂದ ಪೊಟ್ಟಣದ ಮೇಲೆ ಎಂಎಸ್ಎಲ್ ಎಂದು ಬರೆದ ಅಂಕಿ ಓದಿ. ಮಾಲು ತೇವಕ್ಕೆ ಎಷ್ಟು ನಾಜೂಕು ಎಂದು ಅದು ಹೇಳುತ್ತದೆ. ಎಂಎಸ್ಎಲ್ 3 ಎಂದಿದ್ದರೆ, 30 ಡಿಗ್ರಿ ಶಾಖ ಮತ್ತು ಶೇಕಡಾ 60 ತೇವ ಮೀರದ ಕೋಣೆಯಲ್ಲಿ, ಪೊಟ್ಟಣ ಒಡೆದ 168 ಗಂಟೆಯೊಳಗೆ ಬೆಸುಗೆ ಮುಗಿಸಬೇಕು. ಅಂದರೆ ಏಳು ದಿನ. ಎಂಎಸ್ಎಲ್ 2ಎ ಆದರೆ ನಾಲ್ಕು ವಾರ. ಮಳೆಗಾಲದಲ್ಲಿ ಕೋಣೆಯ ತೇವ 60 ದಾಟಿದರೆ ಈ ಲೆಕ್ಕವೇ ನಡೆಯುವುದಿಲ್ಲ, ಗಡುವು ಇನ್ನೂ ಕಿರಿದಾಗುತ್ತದೆ. ಪೊಟ್ಟಣ ಒಡೆದ ತಾರೀಖು, ಗಂಟೆ ಎರಡನ್ನೂ ಅದರ ಮೇಲೇ ಪೆನ್ನಿನಲ್ಲಿ ಬರೆಯಿರಿ. ಉಳಿದದ್ದನ್ನು ತೇವ ಹೀರುವ ಪುಡಿಯ ಜೊತೆ ಗಾಳಿಯಾಡದ ಚೀಲದಲ್ಲಿ ಮುಚ್ಚಿಡಿ. ಗಡುವು ಮೀರಿದರೆ ಒಣಗಿಸಿಕೊಳ್ಳಬಹುದು. ರೀಲಿನಲ್ಲಿರುವ ಎಲ್‌ಇಡಿಗೆ ಸಾಮಾನ್ಯವಾಗಿ 60 ಡಿಗ್ರಿಯಲ್ಲಿ 24 ಗಂಟೆ ಎಂದಿರುತ್ತದೆ. ನಿಮ್ಮ ಮಾಲಿನ ಡೇಟಾಶೀಟ್ ಏನು ಹೇಳುತ್ತದೋ ಅದೇ ಕೊನೆಯ ಮಾತು.

ಇನ್ನು ರಬ್ಬರ್ ಬ್ಯಾಂಡು. ಇದನ್ನು ಯಾರಿಗೆ ಹೇಳಿದರೂ ನಂಬುವುದಿಲ್ಲ. ಬೆಳ್ಳಿ ಕಾಲ್ಗೆಜ್ಜೆಯನ್ನು ರಬ್ಬರ್ ಬ್ಯಾಂಡ್ ಹಾಕಿ ಇಟ್ಟರೆ ಕಪ್ಪಾಗುವುದನ್ನು ಮನೆಯಲ್ಲಿ ನೋಡಿರುತ್ತೀರಿ. ರಬ್ಬರಿನಲ್ಲಿ ಗಂಧಕ ಇದೆ. ಎಷ್ಟೋ ಎಲ್‌ಇಡಿಗಳೊಳಗೆ ಬೆಳಕು ಹಿಂದಕ್ಕೆ ಎಸೆಯಲು ಬೆಳ್ಳಿಯ ಲೇಪ ಇರುತ್ತದೆ. ಮೇಲಿನ ಸಿಲಿಕೋನ್ ನೀರು ತಡೆದರೂ ಗಂಧಕದ ಆವಿಯನ್ನು ಒಳಗೆ ಬಿಡುತ್ತದೆ. ಒಮ್ಮೆ ನಾವು ಉಳಿದ ಬೋರ್ಡುಗಳನ್ನು ಹತ್ತು ಹತ್ತು ಕಟ್ಟು ಮಾಡಿ ರಬ್ಬರ್ ಬ್ಯಾಂಡ್ ಹಾಕಿ ಇಟ್ಟಿದ್ದೆವು. ಮುಂದಿನ ಹಂಗಾಮಿಗೆ ತೆಗೆದಾಗ ಬ್ಯಾಂಡ್ ಹಾದುಹೋದ ಜಾಗದ ಎಲ್‌ಇಡಿಗಳ ತಳ ಕಂದು ಬಣ್ಣಕ್ಕೆ ತಿರುಗಿತ್ತು. ಉರಿಸಿದರೆ ಅವು ಮಂಕು. ಕೆಲವು ರಟ್ಟಿನ ಡಬ್ಬಿಗಳಲ್ಲೂ, ಅಗ್ಗದ ರಬ್ಬರ್ ಗ್ಯಾಸ್ಕೆಟ್‌ಗಳಲ್ಲೂ ಗಂಧಕ ಇರುತ್ತದೆ. ದೀಪಕ್ಕೆ ಸಿಲಿಕೋನ್ ಗ್ಯಾಸ್ಕೆಟ್ ಹಾಕಿ. ಸಕ್ಕರೆ ಕಾರ್ಖಾನೆಗಳಲ್ಲಿ ರಸ ಬಿಳಿ ಮಾಡಲು ಗಂಧಕ ಸುಡುತ್ತಾರೆ. ಅಂಥ ಅಂಗಳದೊಳಗೇ ಇರುವ ದೀಪಗಳಿಗೆ ಗಂಧಕ ತಡೆಯುವ ಎಲ್‌ಇಡಿ ಎಂದೇ ಕೇಳಿ ತರಿಸಿ.

ಎತ್ತುವುದು, ಬೆಸೆಯುವುದು

ಎಲ್‌ಇಡಿಯ ಮೇಲಿನ ಗುಮ್ಮಟ ನೋಡಲು ಗಾಜಿನ ಹಾಗಿದ್ದರೂ ಎಷ್ಟೋ ಸಲ ಅದು ಮೆತ್ತನೆಯ ಸಿಲಿಕೋನ್. ಬೆರಳಿನಿಂದ ಒತ್ತಿದರೆ ಅದರೊಳಗಿನ ಚಿನ್ನದ ಎಳೆ ಬಾಗಿ ತುಂಡಾಗುತ್ತದೆ. ಆ ಎಳೆ ಸುಮಾರು 25 ಮೈಕ್ರಾನ್ ದಪ್ಪ, ಅಂದರೆ ತಲೆಗೂದಲಿನ ಮೂರನೇ ಒಂದು ಪಾಲು. ಚಿಮಟದಿಂದ ಎತ್ತುವಾಗ ಬುಡದ ಬಿಳಿ ಅಥವಾ ಸೆರಾಮಿಕ್ ಚೌಕಟ್ಟನ್ನು ಅಕ್ಕಪಕ್ಕದಿಂದ ಹಿಡಿಯಿರಿ. ಮಷಿನ್ ನಾಝಲ್ ಇದ್ದರೂ ಅದೇ ಮಾತು, ಒತ್ತಡ ಚೌಕಟ್ಟಿನ ಮೇಲೆ ಬೀಳಬೇಕು. ಜೋಡಿಸಿದ ಬೋರ್ಡುಗಳನ್ನು ರೊಟ್ಟಿಯ ಹಾಗೆ ಒಂದರ ಮೇಲೊಂದು ಪೇರಿಸಬೇಡಿ. ಮೇಲಿನ ಬೋರ್ಡಿನ ತಳ ಕೆಳಗಿನದರ ಗುಮ್ಮಟಗಳನ್ನು ಒತ್ತುತ್ತದೆ. ಹಲ್ಲುಹಲ್ಲಾದ ರ‍್ಯಾಕ್ ಸಿಗುತ್ತದೆ, ಅದರಲ್ಲಿ ನಿಲ್ಲಿಸಿಡಿ.

ಕೈಬೆಸುಗೆಯಾದರೆ ಐರನ್ನಿನ ತುದಿ ಅರ್ಥ್ ಆಗಿರಬೇಕು. ಮಲ್ಟಿಮೀಟರ್ ಹಿಡಿದು ತುದಿಗೂ ಪ್ಲಗ್ಗಿನ ಅರ್ಥ್ ಪಿನ್ನಿಗೂ ನೋಡಿ, ಒಂದೆರಡು ಓಮ್ ತೋರಿಸಬೇಕು. ಎರಡು ಪಿನ್ನಿನ ಅಗ್ಗದ ಐರನ್ ಈ ಕೆಲಸಕ್ಕೆ ಬೇಡ. ಶಾಖ 350 ಡಿಗ್ರಿ ಮೀರದಿರಲಿ, ಒಂದು ಕಾಲಿಗೆ 3 ಸೆಕೆಂಡ್ ಸಾಕು. ಹಿಡಿಯಲಿಲ್ಲವೇ? ತಣ್ಣಗಾಗಲು ಬಿಟ್ಟು ಮತ್ತೆ ಮಾಡಿ. ಬಿಸಿ ಇರುವಾಗ ಎಲ್‌ಇಡಿಯನ್ನು ಅಲುಗಾಡಿಸಬೇಡಿ, ಆಗ ಸಿಲಿಕೋನ್ ಇನ್ನೂ ಮೆತ್ತಗಿರುತ್ತದೆ. ಅಲ್ಯೂಮಿನಿಯಂ ತಳದ ಬೋರ್ಡು ಶಾಖವನ್ನೆಲ್ಲ ಕುಡಿಯುವುದರಿಂದ ಕೈಬೆಸುಗೆ ಹಿಡಿಯುವುದೇ ಇಲ್ಲ. ಅದಕ್ಕೆಂದು ಐರನ್ ಶಾಖ ಏರಿಸುತ್ತಾ ಹೋಗುವುದು ತಪ್ಪು. ಬೋರ್ಡನ್ನು ಕೆಳಗಿನಿಂದ ಹಾಟ್ ಪ್ಲೇಟಿನ ಮೇಲೆ ಬೆಚ್ಚಗೆ ಮಾಡಿಕೊಳ್ಳಿ.

ಬೆಸುಗೆ ಹಿಡಿಯಲು ಹಚ್ಚುವ ಫ್ಲಕ್ಸ್ ಒರೆಸಲು ಐಸೊಪ್ರೊಪೈಲ್ ಆಲ್ಕೋಹಾಲ್ ಬಳಸಿ. ಥಿನ್ನರ್, ಪೆಟ್ರೋಲ್, ಅಸಿಟೋನ್ ಕೋಣೆಯೊಳಗೇ ಬರಬಾರದು. ಲೆನ್ಸ್ ಪಾಲಿಕಾರ್ಬೊನೇಟ್ ಆಗಿದ್ದರೆ ಥಿನ್ನರಿನ ಆವಿ ತಗುಲಿದರೂ ಜೇಡರ ಬಲೆಯಂಥ ಬಿರುಕು ಬೀಳಬಹುದು.

ಬೋರ್ಡ್ ಕೂರಿಸುವಾಗ

ಒಂದೇ ಹಾಳೆಯಲ್ಲಿ ಬಂದ ಬೋರ್ಡುಗಳನ್ನು ಕೈಯಿಂದ ಲಟಕ್ ಎಂದು ಮುರಿಯುವುದನ್ನು ನಿಲ್ಲಿಸಿ. ಮುರಿಯುವ ಗೆರೆಯ ಪಕ್ಕದಲ್ಲಿರುವ ಸೆರಾಮಿಕ್ ಕೆಪಾಸಿಟರ್ ಒಳಗೆ ಸೀಳುತ್ತದೆ, ಹೊರಗೆ ಏನೂ ಕಾಣುವುದಿಲ್ಲ. ಕೆಲವು ತಿಂಗಳ ನಂತರ ತೇವ ಸೇರಿ ಶಾರ್ಟ್ ಆಗಿ ಫ್ಯೂಸ್ ಹೋಗುತ್ತದೆ. ಚಕ್ರದ ಕಟರ್ ಇಟ್ಟುಕೊಳ್ಳಿ.

ಬೋರ್ಡಿನ ಶಾಖ ಹೊರಹಾಕುವ ಹೀಟ್ ಸಿಂಕಿಗೆ ಹಚ್ಚುವ ಪೇಸ್ಟ್ ತೆಳ್ಳಗಿರಲಿ. ಜಾಸ್ತಿ ಹಚ್ಚಿದರೆ ಜಾಸ್ತಿ ತಂಪು ಎಂಬುದು ಸುಳ್ಳು, ದಪ್ಪ ಪೇಸ್ಟ್ ಶಾಖವನ್ನು ತಡೆಯುತ್ತದೆ. ಕೆಳಗೆ ಒಂದು ಲೋಹದ ಚೂರು ಸಿಕ್ಕಿಬಿದ್ದರೂ ಬೋರ್ಡ್ ಎದ್ದು ನಿಲ್ಲುತ್ತದೆ. ಆದ್ದರಿಂದ ಎರಡೂ ಮೇಲ್ಮೈ ಒರೆಸಿ, ಬೆರಳಾಡಿಸಿ ನೋಡಿ. ಸ್ಕ್ರೂಗಳನ್ನೆಲ್ಲ ಮೊದಲು ಸಡಿಲವಾಗಿ ಕೂರಿಸಿ. ಆಮೇಲೆ ಮೂಲೆಯಿಂದ ಎದುರು ಮೂಲೆಗೆ ಬಿಗಿಯಿರಿ, ಚಕ್ರದ ನಟ್ ಬಿಗಿಯುವ ಹಾಗೆ. ಒಂದೇ ಮೂಲೆಯನ್ನು ಪೂರ್ತಿ ಬಿಗಿದರೆ ಬೋರ್ಡ್ ಬಾಗಿ ಬೆಸುಗೆ ಬಿರುಕು ಬಿಡುತ್ತದೆ. ಟಾರ್ಕ್ ಹೊಂದಿಸುವ ಡ್ರೈವರ್ ಇದ್ದರೆ ಕೈಯ ಅಂದಾಜಿನ ಗೊಡವೆಯೇ ಇಲ್ಲ.

ತಂತಿ ಜೋಡಿಸುವ ಕ್ರಮ

ಇಲ್ಲಿ ಒಂದೇ ಮಾತು, ಆದರೆ ಗಟ್ಟಿಯಾಗಿ ಹೇಳುತ್ತೇನೆ. ಮೊದಲು ಎಲ್‌ಇಡಿ ಬೋರ್ಡನ್ನು ಡ್ರೈವರ್‌ಗೆ ಜೋಡಿಸಿ, ಆಮೇಲೆ ಡ್ರೈವರ್‌ಗೆ ಸಪ್ಲೈ ಕೊಡಿ. ತೆಗೆಯುವಾಗ ಮೊದಲು ಸಪ್ಲೈ ಬಂದ್, ಸ್ವಲ್ಪ ಹೊತ್ತು ಬಿಟ್ಟು ಎಲ್‌ಇಡಿ ಕಳಚಿ. ಡ್ರೈವರ್ ಆನ್ ಇದ್ದು ಎಲ್‌ಇಡಿ ಇಲ್ಲದಿದ್ದರೆ ಅದರ ವೋಲ್ಟೇಜ್ ಮೇಲಿನ ಮಿತಿಗೆ ಏರಿ ನಿಂತಿರುತ್ತದೆ, ಕೆಪಾಸಿಟರ್ ತುಂಬಿರುತ್ತದೆ. ಆಗ ಎಲ್‌ಇಡಿ ತಾಗಿಸಿದರೆ ಅಷ್ಟೂ ಒಂದೇ ಕ್ಷಣಕ್ಕೆ ಅದರ ಮೇಲೆ ಸುರಿಯುತ್ತದೆ. ಟೆಸ್ಟ್ ಬೆಂಚಿನಲ್ಲಿ ಸಪ್ಲೈ ಆನ್ ಇಟ್ಟು ಒಂದಾದ ಮೇಲೊಂದು ದೀಪ ಚುಚ್ಚಿ ನೋಡುವುದು ಬೇಗ ಆಗುತ್ತದೆ, ನಿಜ. ನಮ್ಮಲ್ಲೂ ಹಾಗೇ ಮಾಡುತ್ತಿದ್ದರು. ಈಗ ಮುಚ್ಚಳ ಹಾಕಿದರೆ ಮಾತ್ರ ಸಪ್ಲೈ ಬರುವ ಹಾಗೆ ಒಂದು ಸ್ವಿಚ್ ಇಟ್ಟಿದ್ದೇವೆ.

ಲೆನ್ಸ್ ಮುಚ್ಚುವುದು

ಶುರುವಿನಲ್ಲಿ ಹೇಳಿದ ಹಾಳೆಗೆ ಬರೋಣ. ಪ್ಲಾಸ್ಟಿಕ್ ಮೇಲಿನ ಚಾರ್ಜನ್ನು ಅರ್ಥ್ ಮಾಡಿ ತೆಗೆಯಲು ಆಗುವುದಿಲ್ಲ, ಏಕೆಂದರೆ ಅದರಲ್ಲಿ ವಿದ್ಯುತ್ತು ಹರಿಯುವುದೇ ಇಲ್ಲ. ಮಣಿಕಟ್ಟಿನ ಪಟ್ಟಿ ಕಟ್ಟಿಕೊಂಡವರ ಕೈಯಲ್ಲಿದ್ದರೂ ಲೆನ್ಸ್ ಚಾರ್ಜ್ ಆಗಿಯೇ ಇರುತ್ತದೆ. ಅದು ಬೋರ್ಡನ್ನು ಮುಟ್ಟಬೇಕೆಂದೂ ಇಲ್ಲ. ಹತ್ತಿರ ಬಂದರೆ ಸಾಕು, ಬೋರ್ಡಿನೊಳಗಿನ ಚಾರ್ಜು ಅತ್ತಿತ್ತ ಸರಿಯುತ್ತದೆ. ಆ ಹೊತ್ತಿನಲ್ಲಿ ಯಾರಾದರೂ ಕನೆಕ್ಟರ್ ಮುಟ್ಟಿದರೆ ಪೆಟ್ಟು ಎಲ್‌ಇಡಿಯ ಮೂಲಕ ಹಾಯುತ್ತದೆ. ನಮ್ಮ ಬಿಳಿ ದೀಪಗಳು ಸತ್ತದ್ದು ಹೀಗೆ.

ಇದಕ್ಕೆ ಮದ್ದು ಅಯೊನೈಸರ್ ಫ್ಯಾನ್. ಅದು ಎರಡೂ ಬಗೆಯ ಚಾರ್ಜುಳ್ಳ ಗಾಳಿಯನ್ನು ಬೀಸಿ ಪ್ಲಾಸ್ಟಿಕ್ ಮೇಲಿನದನ್ನು ಅಳಿಸುತ್ತದೆ. ಹಾಳೆಯನ್ನು ಅದರ ಗಾಳಿಯಲ್ಲೇ, ಬೋರ್ಡಿನಿಂದ ದೂರ, ನಿಧಾನವಾಗಿ ಸುಲಿಯಿರಿ. ಬಾಳೆಹಣ್ಣಿನ ಸಿಪ್ಪೆ ಸುಲಿದ ಹಾಗೆ, ಬ್ಯಾಂಡೇಜ್ ಕಿತ್ತ ಹಾಗಲ್ಲ. ಸುಲಿದ ಮೇಲೂ ಕೆಲವು ಸೆಕೆಂಡು ಎರಡೂ ಬದಿಗೆ ಗಾಳಿ ತಾಗಿಸಿ, ಆಮೇಲೆ ಜೋಡಿಸಿ. ಮುಂಗೈ ಕೂದಲಿನ ಪರೀಕ್ಷೆ ಮತ್ತೆ ಮಾಡಿ ನೋಡಿ, ಕೂದಲು ಅಲುಗುವುದಿಲ್ಲ. ಕೂದಲು ಸುಮ್ನಿದ್ದ ಮಾತ್ರಕ್ಕೆ ಚಾರ್ಜ್ ಪೂರ್ತಿ ಹೋಯಿತು ಎಂದಲ್ಲ, ಆದರೆ ಫ್ಯಾನ್ ಕೆಲಸ ಮಾಡುತ್ತಿದೆ ಎಂದು ಎಲ್ಲರ ಕಣ್ಣಿಗೂ ಕಾಣುತ್ತದೆ. ಫ್ಯಾನಿನೊಳಗಿನ ಸೂಜಿಗಳಿಗೆ ಧೂಳು ಕೂತರೆ ಅದು ಬರೀ ಫ್ಯಾನ್ ಆಗುತ್ತದೆ. ಫೌಂಡ್ರಿ ಧೂಳಿನ ಊರಿನಲ್ಲಿ ನಾವು ವಾರಕ್ಕೊಮ್ಮೆ ಒರೆಸುತ್ತೇವೆ.

ಸೀಲ್ ಮಾಡಲು ತರುವ ಸಿಲಿಕೋನನ್ನು ಮೂಸಿ ನೋಡಿ. ವಿನೆಗರ್ ವಾಸನೆ ಬಂದರೆ ಬೇಡ. ಗಟ್ಟಿಯಾಗುವಾಗ ಅದು ಆಮ್ಲ ಬಿಡುತ್ತದೆ, ಮುಚ್ಚಿದ ದೀಪದೊಳಗೆ ತಾಮ್ರವನ್ನೂ ಬೆಸುಗೆಯನ್ನೂ ತಿನ್ನುತ್ತದೆ. ನ್ಯೂಟ್ರಲ್ ಕ್ಯೂರ್ ಎಂದು ಬರೆದದ್ದನ್ನೇ ತನ್ನಿ. ಅದನ್ನೂ ಪೂರ್ತಿ ಗಟ್ಟಿಯಾಗುವವರೆಗೆ ಗಾಳಿಯಾಡಲು ಬಿಡಿ. ಅವಸರಕ್ಕೆ ಮುಚ್ಚಿದರೆ ಅಂಟಿನ ಆವಿ ಒಳಗೇ ಉಳಿದು ಎಲ್‌ಇಡಿಯ ಸಿಲಿಕೋನ್ ಕಂದಾಗಬಹುದು. ಗಾಳಿ ಮಾತ್ರ ಬಿಟ್ಟು ನೀರು ತಡೆಯುವ ಪೊರೆಯ ರಂಧ್ರ ದೀಪದಲ್ಲಿದ್ದರೆ ಅದರ ಮೇಲೆ ಅಂಟು ಬೀಳದಂತೆ ನೋಡಿ.

ಕಳಿಸುವ ಮುಂಚೆ ಒಂದು ಪರೀಕ್ಷೆ

ಪೂರ್ತಿ ಬೆಳಕಿನಲ್ಲಿ ಗಾಯ ಕಾಣುವುದಿಲ್ಲ ಎಂದೆನಲ್ಲ, ತೀರಾ ಕಮ್ಮಿ ಕರೆಂಟಿನಲ್ಲಿ ಕಾಣುತ್ತದೆ. ಎಲ್‌ಇಡಿ ಬೋರ್ಡನ್ನು ಡ್ರೈವರ್‌ಗೆ ಜೋಡಿಸುವ ಮುಂಚೆ ಅದಕ್ಕೆ 0.5 ಮಿಲಿ ಆಂಪ್ ಮಾತ್ರ ಕೊಡಿ. ಸಾಲಿನಲ್ಲಿ ಮೂರು ಬಿಳಿ ಎಲ್‌ಇಡಿ ಇದ್ದರೆ 12 ವೋಲ್ಟ್ ಸಪ್ಲೈಗೆ 8.2 ಕಿಲೋ ಓಮ್ ರೆಸಿಸ್ಟರ್ ಹಾಕಿದರೆ ಹತ್ತಿರ ಹತ್ತಿರ ಅಷ್ಟೇ ಬರುತ್ತದೆ. ಕೋಣೆಯ ದೀಪ ಆರಿಸಿ ನೋಡಿ. ಗಾಯವಾದ ಎಲ್‌ಇಡಿ ಪಕ್ಕದವುಗಳಿಗಿಂತ ಮಂಕಾಗಿ ಉರಿಯುತ್ತದೆ, ಇಲ್ಲವೇ ಉರಿಯುವುದೇ ಇಲ್ಲ, ಕರೆಂಟ್ ಗಾಯದಲ್ಲೇ ಸೋರಿಹೋಗುತ್ತದೆ. ಮೀಟರಿನಲ್ಲಿ ಒಂದೊಂದರ ಮೇಲೂ ವೋಲ್ಟೇಜ್ ನೋಡಿ. ಬಿಳಿ ಎಲ್‌ಇಡಿಯಲ್ಲಿ 2 ವೋಲ್ಟ್‌ಗಿಂತ ಕಮ್ಮಿ ತೋರಿಸಿದರೆ ಅದನ್ನು ತೆಗೆದುಹಾಕಿ. ಕೆಂಪಿನ ವೋಲ್ಟೇಜೇ ಕಮ್ಮಿ, ಅಲ್ಲಿ ಪಕ್ಕದವುಗಳ ಜೊತೆ ಹೋಲಿಸಿ ನೋಡಬೇಕು. ಈ ಪರೀಕ್ಷೆ ಶುರು ಮಾಡಿದ ಮೊದಲ ದಿನ, ಹಿಂದಿನ ದಿನವಷ್ಟೇ ಸರಿಯಿದೆ ಎಂದು ಗುರುತು ಹಾಕಿದ್ದ ಬೋರ್ಡುಗಳಲ್ಲೇ ಮಂಕಾದವು ಸಿಕ್ಕವು.

ಗಾಡಿಗೆ ಹಾಕುವಾಗ

ನಮ್ಮ ಶೆಡ್ಡಿನಿಂದ ಹೊರಗೆ ಹೋದ ಮೇಲೂ ಜೋಡಣೆ ಮುಗಿದಿರುವುದಿಲ್ಲ. ಡಬ್ಬಿ ಮಾಡುವ ವರ್ಕ್‌ಶಾಪಿನವರಿಗೆ ಮೂರು ವಿಷಯ ತಿಳಿದಿರಬೇಕು.

ಬ್ಯಾಟರಿ ಉಲ್ಟಾ ಆದರೂ ತಡೆಯುವ ಡಯೋಡ್ ದೀಪದಲ್ಲಿದೆಯೇ ಎಂದು ಕೇಳಿ ಕೊಳ್ಳಿ. ಎರಡನೆಯದು, ಇಂಜಿನ್ ಓಡುತ್ತಿರುವಾಗ ಬ್ಯಾಟರಿಯ ಟರ್ಮಿನಲ್ ಸಡಿಲಾಗಿ ಕಳಚಿದರೆ ಆಲ್ಟರ್ನೇಟರ್‌ನಿಂದ ವೋಲ್ಟೇಜಿನ ದೊಡ್ಡ ಅಲೆ ಬರುತ್ತದೆ. ಐಎಸ್ಒ 16750-2 ಎಂಬ ಮಾನದಂಡದಲ್ಲಿ ಈ ಪರೀಕ್ಷೆಗೆ 12 ವೋಲ್ಟ್ ಗಾಡಿಗೆ 79ರಿಂದ 101 ವೋಲ್ಟ್, 24 ವೋಲ್ಟ್ ಗಾಡಿಗೆ 151ರಿಂದ 202 ವೋಲ್ಟ್ ಇಟ್ಟಿದ್ದಾರೆ. ಇದನ್ನು ತಡೆಯುವ ಟಿವಿಎಸ್ ಡಯೋಡ್ ಇಲ್ಲದ ಅಗ್ಗದ ದೀಪ ಹಾಕಿದರೆ ಮೇಲೆ ಹೇಳಿದ ಯಾವ ಜೋಪಾನವೂ ಉಪಯೋಗಕ್ಕೆ ಬರುವುದಿಲ್ಲ.

ಮೂರನೆಯದು ವೆಲ್ಡಿಂಗ್. ದಸರೆ ಮುಗಿದು ಹಂಗಾಮು ಶುರುವಾಗುವ ಹೊತ್ತಿಗೆ ಎಲ್ಲ ಡಬ್ಬಿಗಳೂ ರಿಪೇರಿಗೆ ನಿಂತಿರುತ್ತವೆ. ದೀಪ ಹಾಕಿದ್ದ ಹಾಗೇ ಇಟ್ಟು ಚಾಸಿಗೆ ವೆಲ್ಡ್ ಹೊಡೆಯುತ್ತಾರೆ. ವೆಲ್ಡಿಂಗ್ ಕರೆಂಟ್ ಚಾಸಿಯಲ್ಲೇ ವಾಪಸ್ ಹರಿಯುತ್ತದೆ, ದೀಪದ ನೆಗೆಟಿವ್ ತಂತಿಯೂ ಅದೇ ಚಾಸಿಗೆ ಕಟ್ಟಿರುತ್ತದೆ. ಡಬ್ಬಿಯ ಪ್ಲಗ್ಗನ್ನು ಟ್ರ್ಯಾಕ್ಟರಿನಿಂದ ಕಳಚಿ, ದೀಪದ ಕನೆಕ್ಟರನ್ನೂ ಬಿಡಿಸಿ, ವೆಲ್ಡಿಂಗ್ ಅರ್ಥ್ ಕ್ಲ್ಯಾಂಪನ್ನು ಬೆಸುಗೆ ಹಾಕುವ ಜಾಗದ ಪಕ್ಕದಲ್ಲೇ ಕಚ್ಚಿಸಿ. ಇದನ್ನು ಎಷ್ಟು ಸಲ ಫೋನಿನಲ್ಲಿ ಹೇಳಿದರೂ ಮರೆಯುತ್ತಾರೆ. ಅದಕ್ಕೆ ಈಗ ಪ್ರತಿ ದೀಪದ ತಂತಿಗೂ, ಕನೆಕ್ಟರಿನ ಪಕ್ಕದಲ್ಲೇ, ಕೆಂಪು ಬಟ್ಟೆಯ ಒಂದು ಚೀಟಿ ಹೊಲಿದು ಕಳಿಸುತ್ತೇವೆ. ಅದರ ಮೇಲೆ ದಪ್ಪ ಅಕ್ಷರದಲ್ಲಿ ಇಷ್ಟೇ ಇದೆ: ವೆಲ್ಡಿಂಗ್ ಮುಂಚೆ ಇದನ್ನು ಕಳಚಿ.